ವಾಪಸು ಬಾರದ ಕ್ಯಾಸೆಟ್ಟು

ಅಮ್ಮ ದೋಹಾಕ್ಕೆ ಬಂದ ಮರುದಿನ ಬೆಳಿಗ್ಗೆ, ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದ್ದು, "ಕಡಲು ಎಲ್ಲಿ?" ಎಂದು. ಮೊಮ್ಮಗಳಿಗೆಂದು ಮೈಸೂರಿನಿಂದ ತಂದ ಕೋಡುಬಳೆ ಡಬ್ಬಿಯನ್ನು ಇನ್ನೂ ಬಿಚ್ಚಿರಲಿಲ್ಲ. ಮೊದಲ ಸಲ ವಿಮಾನ ಹತ್ತಿದ್ದು ಹೇಗಿತ್ತು ಎಂದು ಕೇಳಿದರೂ ಮಾತು ಕಡಲಿನದೇ. ಮೇಲಿನಿಂದ ನೀರು ಕಂಡಿತಂತೆ, ಈಗ ಹತ್ತಿರದಿಂದ ನೋಡಬೇಕಂತೆ, ಅಷ್ಟೇ.

ಅದು ತೊಂಬತ್ತರ ದಶಕದ ನಡುವಿನ ಒಂದು ಜನವರಿ. ನಾವು ಆಗ ಅಲ್ ಮುಂತಜಾ ಬಡಾವಣೆಯ ಒಂದು ಹಳೆಯ ಮೂರಂತಸ್ತಿನ ಕಟ್ಟಡದಲ್ಲಿದ್ದೆವು. ನನ್ನ ಗಂಡನಿಗೆ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ. ಮಗಳಿಗೆ ಆರು ವರ್ಷ. ಶುಕ್ರವಾರ ಬಂದ ಕೂಡಲೇ ಅಮ್ಮನನ್ನು ಕೊಲ್ಲಿಯ ದಂಡೆಯುದ್ದಕ್ಕೂ ಇರುವ ಕಾರ್ನಿಷ್‌ಗೆ ಕರೆದುಕೊಂಡು ಹೋದೆವು. ಅಮ್ಮ ಒಳ್ಳೆಯ ಸೀರೆ ಉಟ್ಟು, ಮುಡಿಗೆ ಹೂವಿಲ್ಲವಲ್ಲ ಎಂದು ಎರಡು ಸಲ ಗೊಣಗಿ, ಕಾರಿನಿಂದಿಳಿದವಳೇ ಸೆರಗು ಬಿಗಿದುಕೊಂಡು ಸರಸರ ನಡೆದಳು. ಕಲ್ಲು ಕಟ್ಟಿದ ದಂಡೆಯ ತುದಿಗೆ ಹೋಗಿ ನಿಂತಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆ ಒಂದು ಕಡೆಗೆ ವಾಲಿಸಿ ಕಿವಿಗೊಟ್ಟಳು.

"ಇದೆಂತ ಕಡಲು ಮಾರಾಯ್ತಿ? ಸದ್ದೇ ಇಲ್ಲ ಅಲ್ದಾ?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದೋಹಾದ ಕೊಲ್ಲಿಯ ನೀರು ನೀಲಿ, ನುಣುಪು, ಬಲು ಮರ್ಯಾದಸ್ಥ. ಕಲ್ಲಿಗೆ ಬಂದು ಒಮ್ಮೆ ಮುಟ್ಟಿ ಹಿಂದೆ ಸರಿಯುತ್ತದೆ. ನಾನು ಅಲ್ಲಿಯವರೆಗೆ ಅದನ್ನು ಗಮನಿಸಿಯೇ ಇರಲಿಲ್ಲ. ಮೈಸೂರಿನಲ್ಲಿ ಬೆಳೆದವಳಿಗೆ ನೀರು ಜಾಸ್ತಿ ಇದ್ದರೆ ಕಡಲು. "ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತ ಹಾಗೆ ಉಂಟು" ಎಂದು ಅಮ್ಮ ತೀರ್ಪು ಕೊಟ್ಟು ಬೆಂಚಿನ ಮೇಲೆ ಕುಳಿತುಬಿಟ್ಟಳು. ಅವಳ ಮುಖ ನೋಡಿ ನನಗೆ ಅಂಗಡಿಯವನು ಹಳಸಿದ ಮಾಲು ಕೊಟ್ಟು ಸಿಕ್ಕಿಬಿದ್ದ ಹಾಗಾಯಿತು.

ಅಮ್ಮನ ತವರು ಕುಂದಾಪುರದ ಆಚೆ ದಡದ ಕೋಡಿ. ಹದಿನಾರಕ್ಕೆ ಮದುವೆಯಾಗಿ ಮೈಸೂರಿಗೆ ಬಂದವಳು. ನಲವತ್ತು ವರ್ಷದಲ್ಲಿ ಅವಳ ಕುಂದಾಪುರದ ಮಾತು ಹೆಚ್ಚುಕಡಿಮೆ ತೊಳೆದುಹೋಗಿತ್ತು. ಆದರೆ ಕಡಲು, ಮೀನು ಬಲೆ, ಹಲಸಿನ ಹಪ್ಪಳ ಈ ಮೂರರಲ್ಲಿ ಯಾವುದಾದರೊಂದರ ಸುದ್ದಿ ಬಂದರೆ ಅದು ತಾನಾಗಿ ಎದ್ದು ಬರುತ್ತಿತ್ತು. ಅಣ್ಣತಮ್ಮಂದಿರೆಲ್ಲ ಹೋಟೆಲ್ ಕೆಲಸವೆಂದು ಹುಬ್ಬಳ್ಳಿ, ಬೊಂಬಾಯಿ ಸೇರಿದ ಮೇಲೆ ಕೋಡಿಯ ಮನೆ ಬೇರೆಯವರದಾಯಿತು. ಅವಳ ಕಾಲದ ಹೆಂಗಸರು ತವರಿಗೆ ಹೋಗುತ್ತಿದ್ದರೇ ಹೊರತು ಕಡಲು ನೋಡಲೆಂದು ಯಾರೂ ಹೋಗುತ್ತಿರಲಿಲ್ಲ. ತವರಿಲ್ಲವಾದ ಮೇಲೆ ಹೋಗಲು ನೆಪವೂ ಇಲ್ಲವಾಯಿತು. ಹಾಗೆ ಇಪ್ಪತ್ತು ವರ್ಷದ ಮೇಲಾಗಿತ್ತಂತೆ ಅವಳು ಅಲೆ ಕೇಳಿ. ಈ ಲೆಕ್ಕ ನನಗೆ ತಿಳಿದದ್ದೇ ಆ ಬೆಂಚಿನ ಮೇಲೆ.

ನನಗೆ ಸಂಕಟವಾದರೆ ಕೂಡಲೇ ಮಾತು ಕೊಟ್ಟುಬಿಡುವ ಚಾಳಿ. "ಜುಲೈನಲ್ಲಿ ರಜಕ್ಕೆ ಬರ್ತೀವಲ್ಲಮ್ಮ, ಆಗ ನಿನ್ನ ಕೋಡಿಗೆ ಕರ್ಕೊಂಡು ಹೋಗ್ತೀನಿ. ನಾನೇ. ಖಂಡಿತ" ಅಂದೆ.

"ಜುಲೈ ಅಂದ್ರೆ ಆಷಾಢ. ಕಡಲು ಹೆದರಿಸ್ತದೆ ಆಗ" ಎಂದಳು ಅಮ್ಮ. ಕಣ್ಣಲ್ಲಿ ಮಾತ್ರ ಹೆದರಿಕೆಯ ಸುಳಿವೇ ಇರಲಿಲ್ಲ. "ಅದನ್ನೇ ಕಾಣ್ಬೇಕು."

ಎರಡು ತಿಂಗಳು ಇದ್ದು ಅಮ್ಮ ಮೈಸೂರಿಗೆ, ನನ್ನ ಅಣ್ಣನ ಮನೆಗೆ ವಾಪಸು ಹೋದಳು. ಹೋಗುವಾಗ ನಾವು ಅವಳಿಗೆ ಒಂದು ಟೂ-ಇನ್-ಒನ್ ಕೊಟ್ಟು ಕಳಿಸಿದೆವು, ರೇಡಿಯೋ ಮತ್ತು ಟೇಪು ಎರಡೂ ಇರುವಂಥದ್ದು. ಅಣ್ಣನ ಹಳೆಯ ಟೇಪ್ ರೆಕಾರ್ಡರು ಎಲ್ಲರ ದನಿಯನ್ನೂ ನೆಗಡಿ ಬಂದವರ ದನಿಯ ಹಾಗೆ ಮಾಡುತ್ತಿತ್ತು.

ಟೇಪ್ ರೆಕಾರ್ಡರು ಯಾಕೆ ಎಂದು ಈಗಿನವರು ಕೇಳಬಹುದು. ಆಗ ಫೋನು ಎಂದರೆ ಗಡಿಯಾರ ನೋಡುತ್ತ ಮೂರು ನಿಮಿಷ ಕೂಗಾಡುವುದು. ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಕ್ಯಾಸೆಟ್ಟು. ಒಂದು ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ನಾವು ಮಾತಾಡಿ, ಊರಿಗೆ ಹೊರಟವರ ಕೈಗೆ ಕೊಡುವುದು. ಮೈಸೂರಿನಲ್ಲಿ ಎಲ್ಲರೂ ಸುತ್ತ ಕೂತು ಕೇಳುವುದು. ಆಮೇಲೆ ಅದರ ಮೇಲೆಯೇ ತಮ್ಮ ಮಾತು ತುಂಬಿ ಬರುವವರ ಕೈಯಲ್ಲಿ ವಾಪಸು ಕಳಿಸುವುದು. ಹೀಗೆ ಒಂದೇ ಕ್ಯಾಸೆಟ್ಟು ನಾಲ್ಕು ವರ್ಷದಿಂದ ಹೋಗಿ ಬಂದು ಮಾಡುತ್ತಿತ್ತು. ಅದರ ಮೈಮೇಲಿನ ಚೀಟಿ ಅಳಿಸಿ, ಮೂಲೆ ಸವೆದು, ನಮ್ಮ ಮನೆಯ ಒಬ್ಬ ಸದಸ್ಯನೇ ಆಗಿಬಿಟ್ಟಿತ್ತು. ನಮ್ಮ ಮಾತು ಹತ್ತು ನಿಮಿಷಕ್ಕೆ ಮುಗಿದರೆ, ಹಿಂದಿನ ಸಲ ಅವರು ಆಡಿದ್ದರ ಬಾಲ ಒಮ್ಮೆಲೇ ಶುರುವಾಗುತ್ತಿತ್ತು. "...ಮತ್ತೆ ನುಗ್ಗೆ ಮರ ಕಡಿಸಿದ್ವಿ" ಎಂದು ಅತ್ತಿಗೆ ಎಲ್ಲಿಂದಲೋ ಮಾತಿಗಿಳಿದುಬಿಡುತ್ತಿದ್ದಳು. ಯಾವ ತಿಂಗಳ ನುಗ್ಗೆ ಮರವೋ ಏನೋ.

ಇಷ್ಟು ಹೇಳಿ ಈಗ ನನ್ನ ತಪ್ಪಿಗೆ ಬರುತ್ತೇನೆ. ತಪ್ಪು ನನ್ನದೇ, ಗಂಡನದಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಓದುವವರು ಅವರನ್ನೇ ಅನುಮಾನಿಸುತ್ತಾರೆ.

ನಮ್ಮ ಮೇಲಿನ ಮನೆಯಲ್ಲಿ ಈಜಿಪ್ಟಿನ ಒಂದು ಸಂಸಾರವಿತ್ತು. ಆಕೆ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು, ಅಲೆಕ್ಸಾಂಡ್ರಿಯಾದವಳು. ಅವಳ ಅರಬ್ಬಿ ನನಗೆ ಬಾರದು, ನನ್ನ ಕನ್ನಡ ಅವಳಿಗೆ ಬಾರದು. ಇಬ್ಬರದೂ ಅರೆಬರೆ ಇಂಗ್ಲಿಷು, ಆದರೆ ಜಗಳವಾಡುವಷ್ಟು ಸ್ನೇಹ. ನಾನು ಬಿಸಿಬೇಳೆಬಾತ್ ಮೇಲೆ ಕಳಿಸಿದರೆ ತಟ್ಟೆ ಖಾಲಿ ವಾಪಸು ಬರುತ್ತಿರಲಿಲ್ಲ. ಅಲೆಕ್ಸಾಂಡ್ರಿಯಾದಿಂದ ಪಡುವಣಕ್ಕೆ ಅರ್ಧ ಗಂಟೆಯ ದಾರಿಯಲ್ಲಿ ಅಗಮಿ ಎಂಬ ಕಡಲ ದಂಡೆ ಇದೆ, ಪಟ್ಟಣದವರೆಲ್ಲ ಬೇಸಗೆಗೆ ಅಲ್ಲಿ ಮನೆ ಹಿಡಿಯುತ್ತಾರೆ. ಇವಳ ಮನೆಯವರದ್ದೂ ಅಲ್ಲೊಂದು ಪುಟ್ಟ ಮನೆ. ವರ್ಷದಲ್ಲಿ ಹತ್ತು ತಿಂಗಳು ಅವಳು ಬಾಯಿ ತೆರೆದರೆ ಅಗಮಿ. ದೋಹಾದ ಮೀನಿಗೆ ಅಗಮಿಯ ಮೀನಿನ ರುಚಿಯಿಲ್ಲ, ದೋಹಾದ ಅಂಜೂರಕ್ಕೆ ಅಗಮಿಯ ಅಂಜೂರದ ಸಿಹಿಯಿಲ್ಲ. ಮೀನು ತಿನ್ನದ ನಾನೂ ಹೌದೌದು ಎನ್ನುತ್ತಿದ್ದೆ.

ಮೇ ತಿಂಗಳಲ್ಲಿ ಅವಳು ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು, "ಈ ಸಲ ನೀವೂ ಬನ್ನಿ. ಎರಡು ಕೋಣೆ ಖಾಲಿ ಇರುತ್ತೆ. ಖಲಾಸ್, ನಾನು ನಮ್ಮಮ್ಮನಿಗೆ ಹೇಳಿ ಆಯ್ತು."

ನನಗೆ ಆಗ ಮೂವತ್ತೆರಡು. ಮದುವೆಯಾದ ಮೇಲೆ ಪ್ರತಿ ರಜೆಯೂ ಮೈಸೂರು. ರಜೆ ಎಂದರೆ ಏನು? ಸೂಟ್‌ಕೇಸ್ ತುಂಬ ಸೆಂಟು, ಟೈಗರ್ ಬಾಮು, ಹಾಲಿನ ಪುಡಿ. ಹಂಚುವಾಗ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗಲಿಲ್ಲವೆಂದು ಮುನಿಸು. ದಿನಕ್ಕೆ ಎರಡು ಮನೆಯ ಊಟ, ಮೂರು ಮನೆಯ ಕಾಫಿ, "ಇನ್ನೊಂದು ಯಾವಾಗ?" ಎಂದು ನಾಲ್ಕು ಮನೆಯವರ ವಿಚಾರಣೆ. ಒಂದೇ ಒಂದು ಸಲ, ಯಾರ ಮನೆಗೂ ಹೋಗಬೇಕಾಗಿಲ್ಲದ, ಯಾರಿಗೂ ಏನೂ ತರಬೇಕಾಗಿಲ್ಲದ ಊರಿಗೆ ಹೋಗಬೇಕೆಂದು ನನಗೆ ಹಸಿವಿನ ಹಾಗೆ ಆಸೆಯಾಯಿತು. ಕಂಪನಿಯವರು ಊರಿನ ಟಿಕೆಟ್ಟಿನ ಬದಲು ಬೇರೆಡೆಗೆ ಬೇಕಾದರೂ ಕೊಡುತ್ತಿದ್ದರು.

"ಅಮ್ಮಂಗೆ ಕೋಡಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ ಅಲ್ವೇನೇ?" ಎಂದು ಗಂಡ ಕೇಳಿದರು.

"ಮುಂದಿನ ವರ್ಷ ಹೋದ್ರಾಯ್ತು ಬಿಡ್ರೀ."

"ಹಾಗಂತ ಹೇಳು ಅವರಿಗೆ."

ಹಾಗಂತ ಹೇಳುವ ಧೈರ್ಯ ಎಲ್ಲಿತ್ತು? ಫೋನಿನಲ್ಲಿ ನಾನು ಹೇಳಿದ್ದು ಬೇರೆ. "ಇವರಿಗೆ ರಜೆ ಸ್ಯಾಂಕ್ಷನ್ ಆಗಲಿಲ್ಲಮ್ಮ. ಉಮ್ಮ್ ಸಲಾಲ್ ಸೈಟಲ್ಲಿ ಅರ್ಜೆಂಟ್ ಕೆಲಸ ಬಂದ್ಬಿಟ್ಟಿದೆ. ದೇಶ ಬಿಡೋಕೆ ಎಕ್ಸಿಟ್ ಪರ್ಮಿಟ್ಟೇ ಕೊಡ್ತಿಲ್ಲ." ಸುಳ್ಳಿಗೆ ಮೂರು ಕಾಲು ಕೊಟ್ಟು ನಿಲ್ಲಿಸಿದೆ.

"ಆಯ್ತು ಬಿಡು. ರಜೆ ಕೊಡದಿದ್ರೆ ಎಂತ ಮಾಡೂದು. ಕಡಲು ಎಲ್ಲಿಗೆ ಹೋಗ್ತದೆ, ಅಲ್ಲೇ ಇರ್ತದೆ."

ಹೊರಡುವ ಮೊದಲು ಗಂಡ ಒಂದು ಬುದ್ಧಿಯ ಮಾತು ಹೇಳಿದರು. ಜುಲೈ ಕೊನೆಗೆ ಅವರ ಆಫೀಸಿನ ಮೈಸೂರಿನವರೊಬ್ಬರು ಊರಿಗೆ ಹೊರಟಿದ್ದರು. ನಾವು ಈಜಿಪ್ಟಿನಿಂದ ಬಂದಿಳಿಯುವ ಸಂಜೆಯೇ ಅವರ ವಿಮಾನ. "ಕ್ಯಾಸೆಟ್ ಈಗ್ಲೇ ಮಾತಾಡಿ ಇಟ್ಬಿಡೋಣ, ಆಮೇಲೆ ಟೈಮ್ ಇರಲ್ಲ" ಎಂದರು. ಇನ್ನೂ ಹದಿನೈದು ದಿನ ಇದೆಯಲ್ಲ ಎಂದು ನಾನು ಕ್ಯಾಸೆಟ್ಟನ್ನು ಕೈಚೀಲಕ್ಕೆ ಹಾಕಿಕೊಂಡೆ. ಪ್ಯಾಕಿಂಗ್ ಗಡಿಬಿಡಿಯಲ್ಲಿ ಸಾರಿನ ಪುಡಿ ಮರೆಯದಿದ್ದರೆ ಸಾಕಾಗಿತ್ತು ನನಗೆ.

ಅಗಮಿಯ ಬಗ್ಗೆ ಹೇಗೆ ಹೇಳಲಿ? ಕೈರೋದಲ್ಲಿ ಇಳಿದು, ಮರಳುಗಾಡಿನ ರಸ್ತೆಯಲ್ಲಿ ಮೂರು ಗಂಟೆ ಟ್ಯಾಕ್ಸಿಯಲ್ಲಿ ಬೆಂದು, ಅಲೆಕ್ಸಾಂಡ್ರಿಯಾದ ಹೊರಗೇ ತಿರುಗಿ, ಅಂಜೂರದ ಗಿಡಗಳ ನಡುವೆ ಇಕ್ಕಟ್ಟಾದ ಬೀದಿಗಳನ್ನು ದಾಟಿ ನಿಂತಾಗ ಸಂಜೆ ಐದು. ಕಾರಿನ ಬಾಗಿಲು ತೆಗೆದದ್ದೇ ತಡ, ಮೊದಲು ಬಂದದ್ದು ಸದ್ದು. ನೀರು ಇನ್ನೂ ಕಂಡಿರಲಿಲ್ಲ. ಮನೆಯ ಹಿಂದೆ ಯಾರೋ ದೊಡ್ಡ ಗೋಣಿಚೀಲಗಳನ್ನು ಒಂದಾದಮೇಲೊಂದು ಎತ್ತಿ ಹಾಕುತ್ತಿದ್ದ ಹಾಗೆ ಕೇಳುತ್ತಿತ್ತು. ಮಗಳು ಹೆದರಿ ನನ್ನ ಕೈ ಹಿಡಿದಳು. ನನಗೆ ಅಮ್ಮನ ನೆನಪಾಯಿತು. ಬಂದ ಮೊದಲ ನಿಮಿಷಕ್ಕೇ.

ಮರಳು ಸಕ್ಕರೆಯಷ್ಟು ಬಿಳಿ. ನೀರು ಹತ್ತಿರಕ್ಕೆ ಹಸಿರು, ದೂರಕ್ಕೆ ನೀಲಿ. ದಂಡೆಯ ತುಂಬ ಛತ್ರಿಗಳು, ಒಂದರ ನೆರಳಲ್ಲಿ ಇನ್ನೊಂದು ಸಂಸಾರ ಕೂರುವಷ್ಟು ಒತ್ತೊತ್ತಾಗಿ. ಈಜುಡುಗೆಯ ಹುಡುಗಿಯರ ಪಕ್ಕದಲ್ಲೇ ತಲೆಯಿಂದ ಕಾಲಿನವರೆಗೆ ಹೊದ್ದ ಅಜ್ಜಿಯಂದಿರು ಮಂಡಿಯವರೆಗೆ ನೀರಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ನಾನು ಸಲ್ವಾರ್ ಕಮೀಜಿನಲ್ಲೇ ಇಳಿದೆ. ಮೊದಲ ಅಲೆ ನನ್ನನ್ನು ಬೀಳಿಸಿತು, ಎರಡನೆಯದು ದುಪಟ್ಟಾ ತೆಗೆದುಕೊಂಡು ಹೋಯಿತು, ಮೂರನೆಯದಕ್ಕೆ ನಾನು ಕಿರುಚಿ ನಕ್ಕೆ. ನನ್ನ ಗಂಡ ಪಕ್ಕಾ ಮೈಸೂರಿನವರು. ಪ್ಯಾಂಟು ಮಡಿಚಿ ಹಿಮ್ಮಡಿಯವರೆಗಿನ ನೀರಿನಲ್ಲಿ ನಿಂತು, ಎರಡು ವಾರವೂ ನಮ್ಮ ಚಪ್ಪಲಿ ಕಾಯ್ದರು. ಕಪ್ಪು ಬಾವುಟ ಹಾರಿಸಿದ ದಿನ ಯಾರೂ ನೀರಿಗಿಳಿಯುವಂತಿರಲಿಲ್ಲ. ಆ ದಿನ ಅವರಷ್ಟು ಸಂತೋಷವಾಗಿ ಯಾರೂ ಇರಲಿಲ್ಲ.

ಮಧ್ಯಾಹ್ನವಾದರೆ ಮರಳಿನಲ್ಲಿ ಒಬ್ಬ ಬರುತ್ತಿದ್ದ, ಹೆಗಲಿಗೆ ಗಾಜಿನ ಪೆಟ್ಟಿಗೆ ತೂಗಿಸಿಕೊಂಡು. "ಫ್ರೆಸ್ಕಾಆಆ" ಎಂದು ರಾಗವಾಗಿ ಕೂಗುತ್ತಿದ್ದ. ಎರಡು ತೆಳ್ಳಗಿನ ಗರಿಗರಿ ಹಾಳೆಗಳ ನಡುವೆ ಬೆಲ್ಲದ ಪಾಕದಂಥ ಜೇನು, ಎಳ್ಳು, ಕಡಲೆಕಾಯಿ ಬೀಜ. ಕಚ್ಚಿದರೆ ಹಲ್ಲಿಗೆ ಅಂಟಿ, ಗಾಳಿಗೆ ಬಂದ ಮರಳೂ ಅದರ ಜೊತೆ ಸೇರಿ ಕರಕರ ಎನ್ನುತ್ತಿತ್ತು. ಅಂಥ ರುಚಿಯನ್ನು ನಾನು ಮತ್ತೆ ಕಂಡಿಲ್ಲ. ಈಗ ಅಗಮಿಯಲ್ಲಿ ಕಟ್ಟಡದ ಮೇಲೆ ಕಟ್ಟಡ ಎದ್ದಿದೆಯಂತೆ, ನಮ್ಮ ಮುಂತಜಾದ ಆ ಮೂರಂತಸ್ತನ್ನೂ ಕೆಡವಿ ಹಾಕಿದರು, ಮೇಲಿನ ಮನೆಯಾಕೆ ನಿವೃತ್ತಿಯಾಗಿ ತನ್ನೂರು ಸೇರಿದಳು. ಆ ಎರಡು ವಾರ ಮಾತ್ರ ನನ್ನ ಹಲ್ಲಿನಲ್ಲಿ ಇನ್ನೂ ಅಂಟಿಕೊಂಡೇ ಇದೆ.

ಆದರೆ ಅಲ್ಲಿ ಒಬ್ಬ ಮುದುಕಿ ಇದ್ದಳು. ನನ್ನ ಗೆಳತಿಯ ತಾಯಿ. ವರಾಂಡದಲ್ಲಿ ಕಡಲಿಗೆ ಮುಖ ಮಾಡಿ ಬೆತ್ತದ ಕುರ್ಚಿಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ನಾವು ಮಾಂಸ ತಿನ್ನುವುದಿಲ್ಲವೆಂದು ತಿಳಿದಾಗ ನಮಗೆ ಏನೋ ಕಾಯಿಲೆ ಇರಬೇಕೆಂದು ಮರುಗಿ, ದಿನಾ ಬೆಳಿಗ್ಗೆ ಅವರೆಯಂಥ ಕಾಳಿನ ವಡೆ ಕರಿಸಿ, ನನ್ನ ಮಗಳ ಬಾಯಿಗೆ ಅಂಜೂರ ಸುಲಿದು ಹಾಕುತ್ತಿದ್ದಳು. ನಾಲ್ಕನೆಯ ದಿನ ತನ್ನ ಮಗಳ ಮೂಲಕ ನನ್ನನ್ನು ಕೇಳಿದಳು, "ನಿನಗೆ ತಾಯಿ ಇದ್ದಾಳಾ?"

"ಇದ್ದಾಳೆ."

"ಅವಳು ಕಡಲು ನೋಡಿದ್ದಾಳಾ?"

ನಾನು ನೋಡಿದ್ದಾಳೆ ಎಂದೆ. ಮುದುಕಿ ಸಮಾಧಾನದಿಂದ ತಲೆಯಾಡಿಸಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಆಮೇಲೆ ಪ್ರತಿ ದಿನ ಸ್ನಾನ ಮುಗಿಸಿ ಬರುವಾಗ ಆ ಬೆತ್ತದ ಕುರ್ಚಿಯಲ್ಲಿ ನಮ್ಮಮ್ಮ ಕೂತಿದ್ದರೆ ಹೇಗಿರುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದೆ. ಅವಳಾದರೆ ಸೊಪ್ಪು ಸೋಸುವಾಗ ಕಡಲಿಗೂ ಬುದ್ಧಿ ಹೇಳುತ್ತಿದ್ದಳು.

ಹೊರಡಲು ಎರಡು ದಿನ ಇರುವಾಗ ಕ್ಯಾಸೆಟ್ಟು ನೆನಪಾಯಿತು. ಗೆಳತಿಯ ಮನೆಯಲ್ಲಿ ಹಾಡು ಕೇಳುವ ಟೇಪ್ ರೆಕಾರ್ಡರಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ನಾವು ಮೂವರೂ ಒಳಕೋಣೆ ಸೇರಿ, ಕಿಟಕಿ ಹಾಕಿ, ಬಾಗಿಲು ಹಾಕಿ, ಬಟನ್ ಒತ್ತಿದೆವು. ನಾನು ಶುರು ಮಾಡಿದೆ. "ಅಮ್ಮಾ, ಎಲ್ರೂ ಚೆನ್ನಾಗಿದೀರಾ? ನಾವಿಲ್ಲಿ ದೋಹಾದಲ್ಲಿ ಚೆನ್ನಾಗಿದೀವಿ. ವಿಪರೀತ ಸೆಖೆ. ಮನೆಯಿಂದ ಆಚೆ ಕಾಲಿಡಕ್ಕಾಗಲ್ಲ. ಹಗಲೂ ರಾತ್ರಿ ಎ.ಸಿ. ಹಾಕ್ಕೊಂಡೇ ಇರೋದು." ಗಂಡ ಉಮ್ಮ್ ಸಲಾಲ್ ಸೈಟಿನ ಬಗ್ಗೆ ಎರಡು ಮಾತು ಹೇಳಿ, ನನ್ನ ಮುಖ ನೋಡದೆ ಎದ್ದರು. ಮಗಳು "ಅಜ್ಜಿ, ಐ ಜಂಪ್ಡ್..." ಎನ್ನುವಷ್ಟರಲ್ಲಿ ಅವಳ ಬಾಯಿ ಮುಚ್ಚಿ ಬಾಯಿಪಾಠದ ಪದ್ಯ ಹೇಳಿಸಿದೆ. ಹತ್ತು ಹನ್ನೆರಡು ನಿಮಿಷವಾಗಿರಬೇಕು. ಅಷ್ಟರಲ್ಲಿ ಹೊರಗೆ ಫ್ರೆಸ್ಕಾದವನ ಕೂಗು ಕೇಳಿ ಮಗಳು ಬಾಗಿಲು ತೆಗೆದು ಓಡಿದಳು. ಅವನು ಹೋಗಿಬಿಟ್ಟಾನೆಂದು ಅವಳ ಹಿಂದೆ ನಾನು, ನನ್ನ ಹಿಂದೆ ಗಂಡ. ತಿಂದು, ಕೈ ನೆಕ್ಕಿ, ಒಳಗೆ ಬರುವಷ್ಟರಲ್ಲಿ ಟೇಪು ತುದಿ ಮುಟ್ಟಿ ಟಕ್ಕೆಂದು ತಾನೇ ನಿಂತಿತ್ತು. ನಾನು ಕ್ಯಾಸೆಟ್ಟು ತೆಗೆದು ಡಬ್ಬಿಗೆ ಹಾಕಿದೆ. ಮಾತಾಡಿದ್ದನ್ನು ತಿರುಗಿ ಕೇಳುವ ಅಭ್ಯಾಸ ನಮಗಿರಲಿಲ್ಲ. ಸ್ವಂತ ದನಿ ಕೇಳಿದರೆ ನಾಚಿಕೆಯಾಗುತ್ತಿತ್ತು.

ಆ ಮನೆಯ ಬೆನ್ನಿಗೇ ಕಡಲಿತ್ತು. ಕಿಟಕಿ ಹಾಕಿದರೆ ಕಡಲು ಹೊರಗೆ ಉಳಿಯುತ್ತದೆಯೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ ನಮ್ಮದು. ಮೊದಲ ದಿನ ಎದೆ ನಡುಗಿಸಿದ ಸದ್ದು ಹನ್ನೆರಡನೆಯ ದಿನಕ್ಕೆ ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅಷ್ಟು ರೂಢಿಯಾಗಿಹೋಗಿತ್ತು.

ದೋಹಾದಲ್ಲಿ ಇಳಿದ ಸಂಜೆ ವಿಮಾನ ನಿಲ್ದಾಣದಲ್ಲೇ ಕ್ಯಾಸೆಟ್ಟು ಕೈ ಬದಲಾಯಿಸಿತು.

ಸೆಪ್ಟೆಂಬರಿನಲ್ಲಿ ಆಫೀಸಿನ ಆ ಮೈಸೂರಿನವರು ರಜೆ ಮುಗಿಸಿ ಬಂದಾಗ ಮೈಸೂರಿನಿಂದ ಉತ್ತರ ತಂದರು. ಪೊಟ್ಟಣ ಬಿಚ್ಚಿ ನೋಡಿದರೆ ಹೊಚ್ಚ ಹೊಸ ಕ್ಯಾಸೆಟ್ಟು. ಮೂಲೆ ಸವೆದ ನಮ್ಮ ಹಳೆಯದು ಇಲ್ಲ. ನಾಲ್ಕು ವರ್ಷದಲ್ಲಿ ಹೀಗೆ ಒಮ್ಮೆಯೂ ಆಗಿರಲಿಲ್ಲ. ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ಮಾಮೂಲಿನಂತೆ ಮಾತಾಡಿದ್ದರು. ಕೊನೆಗೆ ಅಮ್ಮ. ಮಂಡಿ ನೋವು, ಬೇಳೆಯ ಬೆಲೆ, ಎದುರು ಮನೆಯ ಹುಡುಗಿಯ ನಿಶ್ಚಿತಾರ್ಥ ಎಲ್ಲ ಹೇಳಿ, ಮುಗಿಸುವ ಮೊದಲು ಅಂದಳು: "ಹಳೇ ಕ್ಯಾಸೆಟ್ ಇಲ್ಲೇ ಇರ್ಲಿ, ಸವೆದು ಹೋಗಿದೆ. ಅಲ್ಲಿ ಗಾಳಿ ಜೋರು ಅಂತ ಕಾಣ್ತದೆ. ಮಗೂಗೆ ಕಿವಿಗೆ ಹತ್ತಿ ಇಡು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಆ ಎರಡು ವಾಕ್ಯವನ್ನು ಆರು ಸಲ ತಿರುಗಿಸಿ ಹಾಕಿ ಕೇಳಿದೆ. "ಶಮಾಲ್ ಗಾಳಿ ಬಗ್ಗೆ ಹೇಳ್ತಿದಾರೆ ಕಣೆ, ಅವರಿಗೂ ಗೊತ್ತಲ್ಲ" ಎಂದು ಗಂಡ ಸಮಾಧಾನ ಹೇಳಿದರು. ಶಮಾಲ್ ಎಂದರೆ ದೋಹಾದಲ್ಲಿ ಧೂಳೆಬ್ಬಿಸುವ ಬಡಗಣ ಗಾಳಿ. ಅಮ್ಮ ಇದ್ದದ್ದು ಚಳಿಗಾಲದಲ್ಲಾದರೂ ಒಂದೆರಡು ಸಲ ಅದರ ರುಚಿ ನೋಡಿದ್ದಳು. ಇರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೂ ಅನುಕೂಲವಾಗಿತ್ತು.

ಮುಂದಿನ ಜುಲೈನಲ್ಲಿ ಮೈಸೂರಿಗೆ ಹೋದೆವು. ಹೋದ ಎರಡನೆಯ ದಿನ, ಊಟವಾಗಿ ಎಲೆ ಎತ್ತಿದ ಮೇಲೆ, ನಾನು ಹಜಾರದಲ್ಲಿ ಚಾಪೆ ಹಾಸಿ ಉರುಳಿದ್ದೆ. ಅಮ್ಮ ತನ್ನ ಕೋಣೆಯಲ್ಲಿ ಮಲಗಿದ್ದಳು, ಬಾಗಿಲು ಅರ್ಧ ಮುಚ್ಚಿತ್ತು. ಕಣ್ಣಿಗೆ ನಿದ್ದೆ ಹತ್ತುವ ಹೊತ್ತು. ಆ ಸದ್ದು ಕೇಳಿತು.

ಗೋಣಿಚೀಲ ಎತ್ತಿ ಹಾಕಿದ ಸದ್ದು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು.

ನಾನು ಎದ್ದು ಕೂತೆ. ನಡುವೆ, ದೂರದಿಂದ, "ಫ್ರೆಸ್ಕಾಆಆ" ಎಂದು ಒಂದು ದನಿ. ಎದ್ದು ಬಾಗಿಲ ಸಂದಿಯಿಂದ ನೋಡಿದೆ. ಅಮ್ಮ ಮಗ್ಗುಲಾಗಿ ಮಲಗಿ, ಟೂ-ಇನ್-ಒನ್ನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು, ಕಣ್ಣು ಮುಚ್ಚಿದ್ದಳು. ಅದರಲ್ಲಿ ನಾನಿರಲಿಲ್ಲ, ನನ್ನ ಗಂಡನಿರಲಿಲ್ಲ, ಸೆಖೆ, ಎ.ಸಿ., ಉಮ್ಮ್ ಸಲಾಲ್ ಯಾವುದೂ ಇರಲಿಲ್ಲ. ನಾವು ಬಾಗಿಲು ತೆರೆದಿಟ್ಟು ತಿನ್ನಲು ಓಡಿಹೋದ ಮೇಲಿನ ಕಡಲು ಮಾತ್ರ ಇತ್ತು. ಅದರ ತುದಿಯವರೆಗೂ ಕೇಳಿ, ಟಕ್ಕೆಂದ ಮೇಲೆ ಅಮ್ಮ ಕಣ್ಣು ತೆರೆಯದೆಯೇ ಕೈ ಚಾಚಿ ಬಟನ್ ಒತ್ತಿ ಹಿಂದಕ್ಕೆ ತಿರುಗಿಸಿದಳು. ಎಷ್ಟು ತಿರುಗಿಸಬೇಕೆಂದು ಅವಳ ಬೆರಳಿಗೆ ಗೊತ್ತಿತ್ತು. ಮತ್ತೆ ಕಡಲೇ ಬಂತು.

ನಾನು ಅಡಿಗೆಮನೆಗೆ ಹೋದೆ. ಅತ್ತಿಗೆ ಪಾತ್ರೆ ಒರೆಸುತ್ತಿದ್ದಳು. ನನ್ನ ಮುಖ ನೋಡಿ ನಕ್ಕಳು.

"ಅದಾ? ಅತ್ತೆ ದಿನಾ ಊಟ ಆದ್ಮೇಲೆ ಹಾಕ್ಕೋತಾರೆ. ನಾನು ಕೇಳ್ದೆ, ಇದೇನತ್ತೆ ಸದ್ದು ಅಂತ. ನಿಮ್ಮ ದೋಹಾ ಮನೆ ಎ.ಸಿ. ಸದ್ದಂತೆ. ಹಳೇ ಎ.ಸಿ., ಹಂಗೇ ಹೊಡ್ಕೊಳುತ್ತೆ ಅಂದ್ರು. ಅದನ್ನ ಕೇಳಿದ್ರೆ ಮಗಳ ಮನೇಲಿ ಇದ್ದಂಗಿರುತ್ತಂತೆ."

ಎದುರಿಗಿದ್ದ ನೀರಿನ ಲೋಟ ಎತ್ತಿ ಕುಡಿದೆ. ಅಮ್ಮ ಕೇಳಿದ ಮೊದಲ ದಿನವೇ ತಿಳಿದುಕೊಂಡಿದ್ದಳು. ಸದ್ದಿಲ್ಲದ ದೋಹಾದ ಕಡಲನ್ನು ಅವಳು ಕಣ್ಣಾರೆ ಕಂಡವಳು, ಕಿವಿಯಾರೆ ಕೇಳಿದವಳು. ನಾನು ಅವಳಿಗೆ ಕೊಟ್ಟ ಮಾತು ಮುರಿದು ಬೇರೆ ಯಾವುದೋ ಕಡಲಿಗೆ ಹೋಗಿ, ಅಲ್ಲಿಂದಲೇ ಸುಳ್ಳು ಹೇಳಿದ್ದೇನೆಂದು ತಿಳಿದೂ, ಮಗಳ ಮಾನ ಉಳಿಸಲು ಸೊಸೆಯ ಮುಂದೆ ತಾನೂ ಒಂದು ಸುಳ್ಳು ಹೇಳಿದ್ದಳು. ನನ್ನದಕ್ಕಿಂತ ಚೆನ್ನಾಗಿ ಹೇಳಿದ್ದಳು. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಜೀವನದಲ್ಲಿ ಯಾರ ಮೇಲೂ ಬಂದಿಲ್ಲ.

ಅಂದು ಸಂಜೆಯೇ ಟ್ಯಾಕ್ಸಿ ಗೊತ್ತು ಮಾಡಿದೆ. ಯಾರ ಮನೆಯ ಊಟಕ್ಕೂ ಬರುವುದಿಲ್ಲವೆಂದು ಅಣ್ಣನ ಕೈಲಿ ಹೇಳಿ ಕಳಿಸಿದೆ. ಎರಡು ಮನೆಯವರು ಇವತ್ತಿಗೂ ಅದನ್ನು ಮರೆತಿಲ್ಲ. ಅಮ್ಮನಿಗೆ "ನಾಳೆ ಕೋಡಿಗೆ ಹೋಗ್ತಾ ಇದೀವಿ" ಎಂದಾಗ ಅವಳು "ಈ ಮಳೇಲಾ?" ಎಂದಳಷ್ಟೇ. ಮರುದಿನ ಬೆಳಗಿನ ಜಾವ ನೋಡಿದರೆ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದಳು.

ಕುಂದಾಪುರದಲ್ಲಿ ಉಳಿದು, ಮಾರನೆಯ ಬೆಳಿಗ್ಗೆ ಕೋಡಿಗೆ ಹೋದೆವು. ಮಳೆ ಅರ್ಧ ಗಂಟೆ ಬಿಡುವು ಕೊಟ್ಟಿತ್ತು. ಗಂಡ ಮಗಳನ್ನು ಹಿಡಿದುಕೊಂಡು ಹಿಂದೆ, ಕಾರಿನ ಹತ್ತಿರವೇ ನಿಂತರು. ನಾನು ಛತ್ರಿ ಹಿಡಿದು ಅಮ್ಮನ ಜೊತೆ ತೆಂಗಿನ ತೋಟದ ಅಂಚು ದಾಟಿ ಹೋದೆ. ಕಡಲು ಬೂದಿ ಬಣ್ಣಕ್ಕಿತ್ತು, ಮನೆಯೆತ್ತರ ಏಳುತ್ತಿತ್ತು. ಅದರ ಮುಂದೆ ಅಗಮಿಯದು ಮಕ್ಕಳಾಟ. ಅಮ್ಮ ಚಪ್ಪಲಿ ಬಿಟ್ಟು ಒದ್ದೆ ಮರಳಿನಲ್ಲಿ ನಿಂತಳು. ತಲೆ ಒಂದು ಕಡೆಗೆ ವಾಲಿಸಿ ಕಿವಿಗೊಟ್ಟಳು, ಕಾರ್ನಿಷ್‌ನಲ್ಲಿ ಮಾಡಿದ ಹಾಗೆಯೇ. ನೀರು ಬಂದು ಅವಳ ಪಾದ ಮುಚ್ಚಿ, ಸೀರೆಯ ಅಂಚು ತೋಯಿಸಿ ಹೋಯಿತು. ಅವಳು ಹಿಂದೆ ಸರಿಯಲಿಲ್ಲ.

ಬಹಳ ಹೊತ್ತಿನ ಮೇಲೆ, ಕಡಲಿನಿಂದ ಕಣ್ಣು ತೆಗೆಯದೆಯೇ ಅಂದಳು, "ನಿನ್ನ ಕಡಲು ಇದಕ್ಕಿಂತ ನಿಧಾನ."

ನಾನು ಛತ್ರಿ ಮಡಿಚಿದೆ. ಅಳು ಬಂದುಬಿಟ್ಟಿತು. "ಅಮ್ಮ, ತಪ್ಪಾಯ್ತು. ನಿಂಗೆ ಸುಳ್ಳು ಹೇಳ್ದೆ. ಅದು ಅಲೆಕ್ಸಾಂಡ್ರಿಯಾ ಹತ್ರ..." ಎಂದು ಶುರು ಮಾಡಿ, ಮೇಲಿನ ಮನೆಯಾಕೆ, ಟಿಕೆಟ್ಟು, ಬೆತ್ತದ ಕುರ್ಚಿಯ ಮುದುಕಿ, ಎಲ್ಲವನ್ನೂ ಅಲೆಗಳ ಗದ್ದಲದಲ್ಲಿ ಕೂಗಿ ಕೂಗಿ ಹೇಳಿದೆ. ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅಮ್ಮ ಹೂಂಗುಟ್ಟುತ್ತಿದ್ದಳು. ನಾನು ನಿಲ್ಲಿಸಿದ ಮೇಲೆ ಕೇಳಿದಳು:

"ನಡುವೆ ಒಬ್ಬ ಕೂಗ್ತಾನಲ್ಲ, ಎಂತ ಮಾರೂದು ಅವ?"

ನಾನು ಮೂಗೊರೆಸಿಕೊಂಡು ಹೇಳಿದೆ. ಗರಿಗರಿ ಹಾಳೆ, ಜೇನು, ಎಳ್ಳು, ಕಡಲೆಕಾಯಿ ಬೀಜ.

"ನೀ ತಿಂದ್ಯಾ?"

"ತಿಂದೆ."

"ಒಳ್ಳೇದಿತ್ತಾ?"

"ಇತ್ತಮ್ಮ."

"ಹಾಗಾರೆ ಸೈ" ಎಂದಳು ಅಮ್ಮ. ಸೆರಗಿನಿಂದ ನನ್ನ ಮುಖ ಒರೆಸಿ, ನನ್ನ ಕೈ ಹಿಡಿದುಕೊಂಡು ಇನ್ನೆರಡು ಹೆಜ್ಜೆ ನೀರಿನೊಳಗೆ ಹೋದಳು.